ಅತ್ತೆಯನ್ನು ಮುಟ್ಟಿ ನೋಡಿದವರು

ಚಾಮರಾಜಪೇಟೆಯ ನಮ್ಮ ಹಳೆಯ ಡಾಕ್ಟರ ಹತ್ತಿರ ನೆಗಡಿಗೆಂದು ಹೋದರೂ ಅವರು ಮಲಗಿಸಿ ಹೊಟ್ಟೆ ಒತ್ತುತ್ತಿದ್ದರು. ರೆಪ್ಪೆ ಇಳಿಸಿ, ನಾಲಿಗೆ ನೋಡಿ, ಕತ್ತು ಕಂಕುಳೆಲ್ಲ ತಡವಿದ ಮೇಲೇ ಚೀಟಿ ಬರೆಯುವುದು. ಹಾಗಾಗಿ ನಮ್ಮ ಅತ್ತೆಗೆ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವೇ ಇರಲಿಲ್ಲ. ಹೇಳೋದೇನಿದೆ, ಅವರೇ ನೋಡ್ತಾರಲ್ಲ ಎನ್ನುವರು.

ತೊಂಬತ್ತರ ದಶಕದ ಕೊನೆಗೆ ಆ ಕ್ಲಿನಿಕ್ ಮುಚ್ಚಿತು. ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲ, ಅತ್ತೆ ಸುಸ್ತು ಎನ್ನತೊಡಗಿದರು. ಊಟವೂ ಇಳಿಯಿತು. ನಾನು, ನನ್ನ ಗಂಡ ಅವರನ್ನು ಬಸವನಗುಡಿಯ ಹೊಸ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಹೊರಡುವ ಮುಂಚೆ ಅತ್ತೆ ಸ್ನಾನ ಮಾಡಿ, ಡಾಕ್ಟರು ನೋಡಲು ಸಲೀಸಾಗಲೆಂದು ಸಡಿಲವಾದ ರವಿಕೆ ಹುಡುಕಿ ತೊಟ್ಟಿದ್ದರು.

ಚಿಕ್ಕ ವಯಸ್ಸಿನ ಡಾಕ್ಟರು, ಬಹಳ ಮರ್ಯಾದಸ್ಥ. ಕುರ್ಚಿಯಿಂದ ಮಾತ್ರ ಏಳಲಿಲ್ಲ. ರಕ್ತ, ಮೂತ್ರ, ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಬರೆದರು. ಎಲ್ಲವೂ ನಾರ್ಮಲ್ ಎಂದು ಬಂತು. ವಯಸ್ಸಾಯಿತಲ್ಲ ಎಂದು ಟಾನಿಕ್ ಕೊಟ್ಟರು.

ಆಟೋದಲ್ಲಿ ಅತ್ತೆ ಮಗನನ್ನು ಕೇಳಿದರು: “ನಾರ್ಮಲ್ ಅಂದ್ರೆ ಮೈಯಲ್ಲಿ ಎಲ್ಲೂ ಏನೂ ಇಲ್ಲ ಅಂತ್ಲೇ ಅಲ್ವೇನೋ?”

“ಗುಂಡುಕಲ್ಲು ಇದ್ದಂಗಿದೀಯ ಬಿಡಮ್ಮ” ಎಂದು ಇವರು ನಕ್ಕರು. ಅತ್ತೆಯೂ ನಕ್ಕರು. ಆ ರಾತ್ರಿ ಒಂದು ಸೌಟು ಅನ್ನ ಹೆಚ್ಚಿಗೇ ಹಾಕಿಸಿಕೊಂಡರು.

ದೀಪಾವಳಿಯ ಎಣ್ಣೆಸ್ನಾನದ ದಿನ, ಎಡಗೈ ಮೇಲೆತ್ತಲು ಆಗುತ್ತಿಲ್ಲವೆಂದರು. ಮಣೆಯ ಮೇಲೆ ಕೂರಿಸಿ ನಾನೇ ಮೈಗೆ ಎಣ್ಣೆ ಹಚ್ಚಿದೆ. ಬೆನ್ನು ಉಜ್ಜಿ ಕಂಕುಳಿಗೆ ಬಂದಾಗ ಬೆರಳು ನಿಂತಿತು. ಅಡಕೆಯಂಥ ಗಟ್ಟಿ ಗಂಟು. ಒತ್ತಿದರೆ ಜರುಗಲೂ ಇಲ್ಲ.

ಇದು ಯಾವಾಗಿನಿಂದ ಎಂದು ಕೇಳಿದೆ.

“ಆಸ್ಪತ್ರೆಗೆ ಹೋದಾಗ್ಲೇ ಇತ್ತು ಕಣೇ. ಮಗ ಪಕ್ಕದಲ್ಲೇ ಕೂತಿದ್ದ, ಹೆಂಗೆ ಹೇಳ್ಲಿ? ಅಷ್ಟೆಲ್ಲ ಮಿಷನ್ನಲ್ಲಿ ನೋಡಿದ್ರಲ್ಲ, ಇದನ್ನೂ ನೋಡೇ ಏನಿಲ್ಲ ಅಂದಿರ್ತಾರೆ ಅಂದ್ಕೊಂಡೆ.”

ಹಬ್ಬ ಮುಗಿದೊಡನೆ ಶೇಷಾದ್ರಿಪುರದ ಒಬ್ಬ ಲೇಡಿ ಸರ್ಜನ್ ಬಳಿ ಹೋದೆವು. ಅವರು ನನ್ನ ಗಂಡನನ್ನು ಹೊರಗೆ ಕಳಿಸಿ, ಪರದೆ ಎಳೆದು, ಎರಡೂ ಕಡೆ ನಿಧಾನವಾಗಿ ಒತ್ತಿ ನೋಡಿದರು. ಎಡಗಡೆ ಎದೆಯ ಬುಡದಲ್ಲಿ ಕೈ ಬಹಳ ಹೊತ್ತು ನಿಂತಿತು.

“ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು, ಅಮ್ಮ.”

“ಬಂದಿದ್ನಲ್ಲಮ್ಮ” ಎಂದರು ಅತ್ತೆ, ಸೆರಗು ಹೊದ್ದುಕೊಳ್ಳುತ್ತ.

ಸರ್ಜನ್ ನನ್ನ ಮುಖ ನೋಡಿದರು. ಆಮೇಲೆ, ಆಪರೇಷನ್ನಿಗೆ ಈ ವಾರವೇ ಸೇರಿಸಲು ಆಗುತ್ತದೆಯೇ ಎಂದು ಕೇಳಿದರು.