ಕುರಿಗಳು ಬಿಟ್ಟುಕೊಡದ ಅಂಬಾಸಿಡರ್

ಸ್ನೇಹಿತರೇ, ಇವತ್ತು ಸಂಜೆ ನನ್ನ ಮೇಲೆ ಕುರಿ ಕದ್ದ ಆರೋಪ ಬಂತು. ಹೊರಿಸಿದವಳು ನಮ್ಮವ್ವ.

ಅಪ್ಪನ ಹಳೇ ಅಂಬಾಸಿಡರ್ ನಮ್ಮ ಹಟ್ಟಿಯಲ್ಲಿ ಬಹಳ ವರ್ಷ ಕುರಿಮರಿಗಳ ಗೂಡಾಗಿತ್ತು. ತಾಯಿಕುರಿಗಳು ಮೇಯಲು ಹೋದಾಗ ಅವ್ವ ಮರಿಗಳನ್ನು ಅದರೊಳಗೆ ಕೂಡಿಹಾಕುತ್ತಿದ್ದಳು. ಸಂಜೆ ಕುರಿಗಳು ಓಡಿಬಂದು ಕಾರಿನ ಬಾಗಿಲಲ್ಲೇ ಹಾಲು ಕುಡಿಸುತ್ತಿದ್ದವು. ಈ ಬೇಸಿಗೆಯಲ್ಲಿ ನಾನೂ ಮಕ್ಕಳೂ ಸೇರಿ ಮರಿಗಳಿಗೆ ಬೇರೆ ಗೂಡು ಮಾಡಿಕೊಟ್ಟು, ಕಾರು ರಿಪೇರಿ ಮಾಡಿದೆವು. ಮಗಳು ಶಾಂಪೂ ಹಾಕಿ ತಿಕ್ಕಿ, "ವಾಸ್ನೆ ಪೂರ್ತಿ ಹೋಗೈತೆ ಅಪ್ಪ" ಎಂದಳು.

ಇವತ್ತು ನನ್ನಿವಾಳ ಊರಿನ ರಸ್ತೆಯಲ್ಲಿ ಮೊದಲ ಸವಾರಿ. ಎದುರಿಗೆ ಅವ್ವನ ಹಿಂಡು ಮನೆಗೆ ಬರುತ್ತಿತ್ತು. ಕಾರು ಕಂಡದ್ದೇ ತಡ, ತಾಯಿಕುರಿಗಳೆಲ್ಲ ತಿರುಗಿ ನಮ್ಮ ಬೆನ್ನು ಹತ್ತಿದವು.

"ಜೋರಾಗ್ ಹೊಡಿ ಅಪ್ಪ!" ಎಂದ ಮಗ. ಜೋರಾಗಿ ಹೋಗುವ ಕಾರಾದರೆ ತಾನೇ?

ಅವ್ವ ಹಿಂದಿನಿಂದ ಕೋಲೆತ್ತಿ ಕೂಗಿದಳು: "ಲೇ, ನನ್ ಕುರಿ ಎಲ್ಲಿಗ್ ಹೊಡ್ಕಂಡ್ ಹೋಗ್ತೀಯೋ?"

ನಿಲ್ಲಿಸಿದೆ. ಒಂದು ಕುರಿ ಕಿಟಕಿಯಲ್ಲಿ ತಲೆ ತೂರಿಸಿ, ಮಗಳ ಮಡಿಲು ಮೂಸಿ, ಮರಿ ಕಾಣದೆ ಅರಚಿತು. ಅವ್ವ ಬಂದು ಮುಂದಿನ ಸೀಟಲ್ಲಿ ಕೂತಳು. "ತಿರುಗ್ಸು. ನಾಳೆಯಿಂದ ದಿನಾ ಸಂಜಿಗೆ ನೀನೇ ಕಾರ್ ತಗಂಡ್ ಬಾ. ನಂಗೆ ನಡ್ಯೋದು ತಪ್ತೈತೆ."

ಹಾರನ್ ಇನ್ನೂ ಹಾಕಿಸಿಲ್ಲ. ಇಡೀ ಹಿಂಡು ಅರಚುತ್ತ ಹಿಂದೆ ಬರುವಾಗ ಬೇಕಾಗುವುದೂ ಇಲ್ಲ.