ಕುಶಲ ಕೇಳದೆ ಬೆಳೆದ ಗಾಜು

ಬಹೀಜಳ ಮದುವೆಯ ಆಸೆಯನ್ನು ಅವಳ ತಾಯಿ ಕೈಬಿಟ್ಟದ್ದು ಸಮುದ್ರದ ಪಾಚಿಯಿಂದಾಗಿ. ಬರಿಗಣ್ಣಿಗೆ ಕಾಣದ ಆ ಪಾಚಿ ಕುಲುಮೆಯಿಲ್ಲದೆ, ಬೆಂಕಿಯಿಲ್ಲದೆ, ತಣ್ಣೀರಿನಲ್ಲೇ ಗಾಜಿನ ಚಿಪ್ಪು ಕಟ್ಟಿಕೊಳ್ಳುತ್ತದೆ. ತಾನೂ ಕಟ್ಟಿಯೇ ತೀರುತ್ತೇನೆಂದು ಬಹೀಜ ಸ್ಫಾಕ್ಸ್ ನಗರದ ಪ್ರಯೋಗಾಲಯವೊಂದರಲ್ಲಿ ನಾಲ್ಕು ವರ್ಷದಿಂದ ಹಟ ಹಿಡಿದಿದ್ದಳು. ತಟ್ಟೆಯ ಮೇಲೆ ಪಾಲಿಮರ್‌ನ ಸಣ್ಣ ಗೆರೆಗಳನ್ನು ಅಚ್ಚೊತ್ತಿ ಸಿಲಿಕಾ ದ್ರಾವಣದಲ್ಲಿ ಅದ್ದಿದರೆ ಗೆರೆಯ ಮೇಲೆ ಮಾತ್ರ ಗಾಜು ಬೆಳೆಯಬೇಕು. ಬೆಳೆಯುತ್ತಿದ್ದದ್ದು ತಟ್ಟೆಯ ತುಂಬ, ಹಿಟ್ಟು ಚೆಲ್ಲಿದ ಹಾಗೆ.

ಗುರುವಾರ ಹಣ ಕೊಡುವ ಸಮಿತಿಯವರು ನೋಡಲು ಬರುವವರಿದ್ದರು. ಅವರ ಕಣ್ಣೆದುರು ಗೆರೆ ಮೂಡದಿದ್ದರೆ ಯೋಜನೆಗೆ ಎಳ್ಳುನೀರು. ಅವಳ ಕೋಣೆಯೂ ಎದುರು ಬಾಗಿಲಿನ ಪ್ರೊಫೆಸರ್ ಷಾದ್ಲಿಯವರ ಆಲಿವ್ ಎಣ್ಣೆ ಪರೀಕ್ಷಿಸುವ ಯಂತ್ರಗಳ ಪಾಲಾಗುತ್ತಿತ್ತು.

ಬಹೀಜ ಪಾಲಿಮರನ್ನು ಬೈದಳು, ಅದನ್ನು ಮಾರಿದವನನ್ನು ಬೈದಳು, ಅಮ್ಮನ ಮಾತು ಕೇಳಿ ದೃಷ್ಟಿಯನ್ನೂ ತೆಗೆಸಿಕೊಂಡಳು. ತನ್ನ ನಾಲಿಗೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ದ್ರಾವಣ ಬೆರೆಸುವ ಜಾಗ ಕಾರಿಡಾರಿನ ಆ ತುದಿಗೆ, ತಟ್ಟೆಗಳು ಈ ತುದಿಗೆ. ಬೆರೆಸಿದ್ದನ್ನು ತಕ್ಷಣ ಬಳಸದಿದ್ದರೆ ಅದು ತನ್ನಷ್ಟಕ್ಕೆ ಗಟ್ಟಿಯಾಗತೊಡಗಿ ಸಿಕ್ಕಲ್ಲೆಲ್ಲ ಕೂರುತ್ತದೆ. ಇದು ಅವಳಿಗೆ ಬಾಯಿಪಾಠ. ಆದರೆ ಸ್ಫಾಕ್ಸ್‌ನಲ್ಲಿ ಕುಶಲ ಕೇಳುವುದಕ್ಕೆ ಹಿಡಿಯುವ ಹೊತ್ತನ್ನು ಯಾರೂ ಹೊತ್ತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾರಿಯಲ್ಲಿ ಸಿಗುವ ಷಾದ್ಲಿಯವರೊಬ್ಬರಿಗೇ ಅಮ್ಮನ ಮೊಣಕಾಲು, ಅಣ್ಣನ ಅಂಗಡಿ, ಸೋದರತ್ತೆಯ ಬೆಕ್ಕು ಎಲ್ಲದರ ವರದಿ ಒಪ್ಪಿಸಬೇಕು.

ಮಂಗಳವಾರ ಷಾದ್ಲಿಯವರು ಹಲ್ಲುನೋವೆಂದು ಬರಲಿಲ್ಲ. ಅಂದು ತಟ್ಟೆಯ ಮೇಲೆ ಗೆರೆಗಳು ಮಸುಕಾಗಿ ಕಂಡವು. ಬಹೀಜ ಹಣೆ ಚಚ್ಚಿಕೊಂಡಳು.

ಬುಧವಾರ ಬಾಯಿಗೆ ಬೀಗ ಹಾಕಿಕೊಂಡು ನಡೆದಳು. "ಅಮ್ಮ ಹೇಗಿದ್ದಾರಮ್ಮ?" ಎಂದು ಷಾದ್ಲಿಯವರು ಕೇಳಿದರೂ ತಿರುಗಿ ನೋಡಲಿಲ್ಲ. ಸೂಕ್ಷ್ಮದರ್ಶಕದಡಿ ಗೆರೆಗಳು ಬಾಚಿದ ಕೂದಲಿನ ಹಾಗೆ ನಿಂತಿದ್ದವು. ಸಂತೋಷಕ್ಕೆ ಅತ್ತೇಬಿಟ್ಟಳು.

ಅಳು ಕೇಳಿ ಷಾದ್ಲಿಯವರು ಬಾಗಿಲಿಗೆ ಬಂದರು. "ಅಮ್ಮ ಹೋಗ್ಬಿಟ್ರೇನೋ ಅಂತ ಮನೆಗೆ ಫೋನ್ ಮಾಡ್ದೆ ಕಣಮ್ಮ. ಅವರೇ ಎತ್ತಿದ್ರು. ಚೆನ್ನಾಗಿ ಬೈದ್ರು."

"ಷಾದ್ಲಿ ಸಾರ್, ದ್ರಾವಣ ಕೈಲಿ ಹಿಡ್ಕೊಂಡು ಮಾತಿಗೆ ನಿಂತ್ರೆ ಗೆರೆ ಕೆಡುತ್ತೆ."

"ಅಂದ್ರೆ ನಾಲ್ಕು ವರ್ಷ ಕೆಡಿಸಿದ್ದು ನಾನಾ?"

"ನೀವೊಬ್ರೇ ಅಲ್ಲ ಬಿಡಿ. ನಾನೇನು ಕಡಿಮೆ ಮಾತಾಡಿದ್ನಾ?"

ಗುರುವಾರ ಅವಳು ದ್ರಾವಣ ಹಿಡಿದು ಬಂದಳು, ಬೆನ್ನಿಗೆ ಸಮಿತಿಯವರು. ಅಷ್ಟು ಜನರೆದುರು ಹಿರಿಯರಿಗೆ ಉತ್ತರ ಕೊಡದೆ ದಾಟುವ ಧೈರ್ಯ ಅವಳಿಗಿರಲಿಲ್ಲ. ಷಾದ್ಲಿಯವರು ಬಾಗಿಲಲ್ಲೇ ಇದ್ದರು. ಅಮ್ಮನ ಮೊಣಕಾಲಿನ ಬಗ್ಗೆ ಒಂದು ಮಾತು ಕೇಳಿದ್ದರೆ ಕೋಣೆ ಅವರದು. ಹುಟ್ಟಿದಂದಿನಿಂದ ಯಾರ ಮುಖಕ್ಕೂ ಬಾಗಿಲು ಹಾಕಿ ಗೊತ್ತಿಲ್ಲದ ಆ ಮನುಷ್ಯ ಅವಳನ್ನು ಕಂಡ ಕೂಡಲೇ ಒಳಗೆ ಸರಿದು ಬಾಗಿಲು ಹಾಕಿಕೊಂಡರು.