ಮುಂದೆ ಕುಳಿತವಳ ಕಿವಿ

ನಾನು ಹುಟ್ಟಿ ಬೆಳೆದದ್ದು ಅಣ್ಣಿಗೇರಿ ಕಡೆಯ ಕಪ್ಪು ಮಣ್ಣಿನ ಎರಿಭೂಮಿಯ ಊರಲ್ಲಿ. ಅಲ್ಲಿ ನೀರು ಎಂದರೆ ಊರ ಹೊರಗಿನ ಕುಡಿಯುವ ನೀರಿನ ಕೆರೆ, ಅಷ್ಟೆ. ಇಳಿಯುವ ಮುಂಚೆ ಚಪ್ಪಲಿ ಮೇಲೆಯೇ ಬಿಡಬೇಕು. ಕಾಲು ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಈಜುವ ಮಾತಂತೂ ದೂರ. ಕೊಡದ ತಳದಿಂದ ಮೇಲಿನ ಕಸವನ್ನು ಆಚೆ ಸರಿಸಿ, ರಾಡಿ ಏಳದಂತೆ ಮೆಲ್ಲಗೆ ಬಾಗಿಸಿ ತುಂಬಿಕೊಳ್ಳಬೇಕು. ನೀರು ಕಲಕಿದ ಹುಡುಗಿಗೆ ಹಿಂದೆ ಸರದಿಯಲ್ಲಿ ನಿಂತ ಹೆಂಗಸರೆಲ್ಲ ಸೇರಿ ಏಳು ಜನ್ಮಕ್ಕಾಗುವಷ್ಟು ಬೈಯುತ್ತಿದ್ದರು. ನನಗೂ ಒಮ್ಮೆ ಬೈದಿದ್ದಾರೆ. ಆಮೇಲೆ ನಾನು ಕಲಕಲಿಲ್ಲ.

ಇಂಥವಳನ್ನು ಕಲಘಟಗಿ ತಾಲೂಕಿನ, ಬಮ್ಮಿಗಟ್ಟಿಯಿಂದ ಇನ್ನೂ ಒಳಗಿರುವ ಊರಿಗೆ ಕೊಟ್ಟರು. ಮನೆಯ ಹಿತ್ತಲು ದಾಟಿದರೆ ದೊಡ್ಡ ಕೆರೆ. ಮಾವ ಬದುಕಿರುವ ತನಕ ಅದರಲ್ಲಿ ಮೀನು ಹಿಡಿಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅವರಿರಲಿಲ್ಲ, ಅವರ ದೋಣಿ ಇತ್ತು. ಎರಡೂ ತುದಿ ಚೂಪಾದ, ಒಬ್ಬರ ಹಿಂದೆ ಒಬ್ಬರು ಕೂರಬೇಕಾದ ಸಪೂರ ದೋಣಿ. ಒಮ್ಮೆ ಹಕ್ಕಿ ನೋಡಲು ಬಂದ ಪಟ್ಟಣದ ಹುಡುಗರು ಅದನ್ನು ‘ಕೆನೂ’ ಎಂದು ಕರೆದರು. ನಮ್ಮ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, “ಕೆನೂ ಇಲ್ಲ ಗಿನೂ ಇಲ್ಲ, ಇದು ಡೋಣಿ” ಎಂದು ಒಳಗೆ ಹೋದರು. ಅತ್ತೆಯ ಮಾತೇ ಹಾಗೆ. ಬೆಲ್ಲ ಕೊಟ್ಟರೂ ಮೆಣಸಿನಕಾಯಿ ಕೊಟ್ಟ ಹಾಗೆ ಕೊಡುವವರು.

ಕೆರೆಯ ಆಚೆ ದಡದಲ್ಲಿ ಎಮ್ಮೆ ಸಾಕುವ ಗೌಳಿಗರ ಪುಟ್ಟ ವಸತಿ. ಅದಕ್ಕೆ ದಡ್ಡಿ ಎನ್ನುತ್ತಾರೆ. ಅಲ್ಲಿನ ಅಂಗನವಾಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಬೇಸಿಗೆಯಲ್ಲಿ ಕೆರೆಯ ಕೋಡಿಯ ಮೇಲೆ ನಡೆದೇ ಹೋಗಬಹುದು. ಮಳೆಗಾಲದಲ್ಲಿ ಕೋಡಿ ಹರಿದರೆ ಆ ದಾರಿ ಬಂದ್, ಸುತ್ತಿ ಹೋಗಲು ಅರ್ಧ ದಿನ ಬೇಕು. ಹೀಗಾಗಿ ಮೊದಲ ವರ್ಷ ಗಂಡನೇ ದೋಣಿಯಲ್ಲಿ ಬಿಟ್ಟು ಬರುತ್ತಿದ್ದ. ನಾನು ಮುಂದೆ ಕೂತು, ತೊಡೆಯ ಮೇಲೆ ಮೊಟ್ಟೆಯ ಟ್ರೇ ಇಟ್ಟುಕೊಂಡು, ಕಣ್ಣು ಮುಚ್ಚಿ, ದಡ ಬಂದ ಮೇಲೆ ತೆರೆಯುತ್ತಿದ್ದೆ. ಪಿಯುಸಿ ಓದಿದ್ದರೂ ಅಲ್ಲಿಯವರೆಗೆ ನಾನು ಯಾರದೋ ಮಗಳು, ಯಾರದೋ ಸೊಸೆ. ಆ ದಡದಲ್ಲಿ ಮಾತ್ರ ಹನ್ನೊಂದು ಮಕ್ಕಳು ನನ್ನನ್ನು ‘ಟೀಚರ್’ ಎಂದು ಕೂಗುತ್ತಿದ್ದವು.

ಎರಡನೆಯ ವರ್ಷದ ಆಷಾಢದಲ್ಲಿ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಹುಬ್ಬಳ್ಳಿಯಲ್ಲಿ ರಾಡ್ ಹಾಕಿಸಿಕೊಂಡು ಬಂದು ನಡುಮನೆಯಲ್ಲಿ ಮಲಗಿದ. ಅಷ್ಟರಲ್ಲಿ ಕೋಡಿ ಹರಿಯಿತು. ನಾಲ್ಕು ದಿನ ನಾನು ಕೇಂದ್ರ ತೆರೆಯಲಿಲ್ಲ. ಐದನೆಯ ದಿನ ಮೇಲ್ವಿಚಾರಕಿಯ ಫೋನ್ ಬಂತು. “ನಿಮ್ಮ ತ್ರಾಸು ನಮಗ ತಿಳೀತೈತ್ರಿ. ಆದ್ರ ಮಕ್ಕಳ ಹೊಟ್ಟಿಗೆ ತಿಳಿಯೂದಿಲ್ಲ. ಹದಿನೈದು ದಿನದಾಗ ಶುರು ಆಗಲಿಲ್ಲಂದ್ರ ಬ್ಯಾರೇದವರನ್ನ ನೋಡಬೇಕಾಗ್ತೈತಿ” ಎಂದರು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ಅಳುತ್ತಾ ಕೂತೆ. ಅತ್ತೆ ಪಾತ್ರೆ ತಿಕ್ಕುತ್ತಿದ್ದರು.

“ಅಳೂದ ಮುಗೀತೇನು?” ಎಂದರು. “ಮುಗೀತಂದ್ರ ಏಳು. ಡೋಣಿಗೆ ಹೋಗೂಣು.”

ದೋಣಿಯನ್ನು ತಿರುಗಿಸುವವರು ಹಿಂದೆ ಕೂರುತ್ತಾರೆ, ಮುಂದೆ ಕೂತವರು ಬರೀ ಹುಟ್ಟು ಹಾಕುತ್ತಾರೆ ಎಂಬಷ್ಟು ನನಗೆ ಗೊತ್ತಿತ್ತು. “ನೀವ ಹಿಂದ ಕುಂದರ್ರಿ ಅತ್ತಿ, ನಾ ಮುಂದ ಕುಂದರ್ತೀನಿ” ಎಂದೆ. ಅವರು ಆಗಲೇ ಸೀರೆ ಎತ್ತಿ ಕಟ್ಟಿ ಮುಂದಿನ ಹಲಗೆಯ ಮೇಲೆ ಕೂತಾಗಿತ್ತು. “ನೌಕರಿ ನಿಂದೋ ನಂದೋ?” ಎಂದರು. ಮನೆಯಲ್ಲಿದ್ದ ಒಂದೇ ಒಂದು ಖಾಲಿ ಎಣ್ಣೆ ಕ್ಯಾನನ್ನು, ಬಿದ್ದರೆ ತೇಲಲಿ ಎಂದು, ನನ್ನ ಬೆನ್ನಿಗೆ ಕಟ್ಟಿದ್ದರು. ತಮಗೆ ಏನೂ ಕಟ್ಟಿಕೊಳ್ಳಲಿಲ್ಲ.

ಮೊದಲ ದಿನ ದೋಣಿ ಮೂರು ಸುತ್ತು ಸುತ್ತಿ ಹೊರಟ ಜಾಗಕ್ಕೇ ಬಂತು. ಎರಡನೆಯ ದಿನ ಜೊಂಡಿನಲ್ಲಿ ಹೋಗಿ ಸಿಕ್ಕಿಬಿತ್ತು. ಬಲಕ್ಕೆ ಹುಟ್ಟು ಹಾಕಿದರೆ ಮೂತಿ ಎಡಕ್ಕೆ ಓಡುತ್ತದೆ. ಎಡಕ್ಕೆ ಬದಲಿಸಿದರೆ ಬಲಕ್ಕೆ ಓಡುತ್ತದೆ. ಗಂಡನನ್ನು ಕೇಳಿದರೆ “ಅದು ತಾನಾಗೇ ಬರ್ತೈತಿ” ಎಂದ. ಚಿಕ್ಕಂದಿನಲ್ಲೇ ಕಲಿತವರಷ್ಟು ಕೆಟ್ಟ ಮಾಸ್ತರರು ಈ ಭೂಮಿಯ ಮೇಲಿಲ್ಲ.

ಅತ್ತೆ ಮಾತ್ರ ಒಮ್ಮೆಯೂ ಹಿಂತಿರುಗಿ ನೋಡುತ್ತಿರಲಿಲ್ಲ. ನೋಡದೆಯೇ ನಾನೇನು ತಪ್ಪು ಮಾಡಿದೆ ಎಂದು ಹೇಳುತ್ತಿದ್ದರು. ಅವರ ಮುಡಿ, ಬೆನ್ನು, ಕುಪ್ಪಸದ ತೇಪೆ, ಇಷ್ಟೇ ನನಗೆ ಕಾಣುತ್ತಿದ್ದುದು.

“ಪಚಕ್ ಅಂತು. ಈ ಸಪ್ಪಳ ಅಲ್ಲ. ಹುಟ್ಟ ಪೂರಾ ಮುಳಗಿಲ್ಲ.”

ನಾನು ಮುಳುಗಿಸಿದ್ದೆ ಎಂದುಕೊಂಡಿದ್ದೆ. ಆದರೆ ನನ್ನ ಕೈ ನನ್ನ ತವರಿನ ಕೈ. ನೀರು ಕಲಕಬಾರದು ಎಂಬುದು ಅದಕ್ಕೆ ಎಷ್ಟು ಆಳವಾಗಿ ಇಳಿದಿತ್ತೆಂದರೆ, ಹುಟ್ಟನ್ನು ನಾನು ಹಾಲಿನ ಕೆನೆ ತೆಗೆಯುವ ಹಾಗೆ ಮೇಲೆಮೇಲೆ ಆಡಿಸುತ್ತಿದ್ದೆ. ಅಷ್ಟೇ ಅಲ್ಲ, ಮೂರನೆಯ ದಿನ ಹಾಗೂ ಹೀಗೂ ಆಚೆ ದಡ ಮುಟ್ಟಿ ಇಳಿದರೆ ಕಾಲಲ್ಲಿ ಚಪ್ಪಲಿ ಇಲ್ಲ. ಅಭ್ಯಾಸಬಲ, ಈಚೆ ದಡದಲ್ಲೇ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ದೋಣಿ ಹತ್ತಿದ್ದೆ. ದಡ್ಡಿಯ ಕೆಸರು, ಜಾಲಿಮುಳ್ಳು. ನಾನು ಒಂದೊಂದು ಕಾಲೆತ್ತಿ ಕುಣಿಯುವುದನ್ನು ನೋಡಿ ಅತ್ತೆ ಮೊದಲ ಸಲ ಬಾಯಿ ತುಂಬ ನಕ್ಕರು.

“ನಿಮ್ಮೂರಾಗ ನೀರು ಅಂದ್ರ ದೇವ್ರು. ಇಲ್ಲಿ ದಾರಿ ಬೇ, ದಾರಿ! ದಾರಿ ತುಳದ್ರ ಅದೇನ ಅಳತೈತಿ?”

ಮುಳ್ಳಿನ ಸಿಟ್ಟನ್ನೆಲ್ಲ ವಾಪಸು ಬರುವಾಗ ಹುಟ್ಟಿನ ಮೇಲೆ ತೀರಿಸಿದೆ. ಮುಂಗೈ ಮುಳುಗುವ ತನಕ ಒತ್ತಿ ಎಳೆದೆ. ಕೆಸರು ಎದ್ದಿತು. ದೋಣಿ ಮುಂದಕ್ಕೆ ಚಿಮ್ಮಿತು. “ಹೂಂ, ಈ ಸಪ್ಪಳ” ಎಂದಿತು ಮುಂದಿನ ಬೆನ್ನು. ಅದು ನನಗೆ ಸಿಕ್ಕ ಮೊದಲ ಶಹಬ್ಬಾಸ್.

ಓಟ ಬಂತು, ನೇರ ಬರಲಿಲ್ಲ. ಎಳೆದಷ್ಟೂ ಮೂತಿ ಎಡಕ್ಕೆ. ನಾನು ಬಾಜು ಬದಲಿಸುವುದು, ಹಾವು ಹರಿದ ಹಾಗೆ ಹೋಗುವುದು, ಮೈಯೆಲ್ಲ ಒದ್ದೆ. “ಬಾಜು ಬದಲಸಬ್ಯಾಡ. ಬಲಕ್ಕ ಹಾಕಿದ್ರ ಬಲಕ್ಕ ತಿದ್ದು. ಎಳದ ಮ್ಯಾಲೆ ಕಡೀಕ ಇನ್ನೊಂದ ಸಪ್ಪಳ ಬರಬೇಕು, ಸುಂಯ್ ಅಂತ” ಎನ್ನುತ್ತಿದ್ದರು. ಯಾವ ಸುಂಯ್? ಹೇಗೆ ಬರಿಸುವುದು? ಅದನ್ನು ಹೇಳಲು ಅವರಿಗೂ ಬರಲಿಲ್ಲ. ಎರಡು ದಿನ ಇಬ್ಬರೂ ಅದಕ್ಕಾಗಿ ಜಗಳಾಡಿದೆವು. “ನೀವ ಒಮ್ಮೆ ಮಾಡಿ ತೋರಸ್ರಿ” ಎಂದು ನಾನು ಹುಟ್ಟನ್ನು ದೋಣಿಯೊಳಗೆ ಎಸೆದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ದೋಣಿ ಗಾಳಿಗೆ ತಾನೇ ತೇಲುತ್ತಿತ್ತು. ಆಮೇಲೆ, ನೀರನ್ನೇ ನೋಡುತ್ತಾ ಕೇಳಿದರು:

“ನಿಮ್ಮೂರ ಕೆರಿಯಾಗ ಕೊಡ ತುಂಬೂ ಮುಂದ ಕಸ ಹೆಂಗ ಸರಸ್ತಿದ್ದಿ?”

ನಾನು ಸಿಟ್ಟಿನಲ್ಲೇ ಗಾಳಿಯಲ್ಲಿ ಮಾಡಿ ತೋರಿಸಿದೆ. ಅವರು ಹೇಗೂ ತಿರುಗಲಿಲ್ಲ, ಕಾಣಲಿಲ್ಲ. “ಗಾಳ್ಯಾಗಲ್ಲ, ನೀರಾಗ. ಹುಟ್ಟಿಲೆ.”

ಹುಟ್ಟು ಎಳೆದೆ. ಅದು ಸೊಂಟದ ಹಿಂದಕ್ಕೆ ಬಂದಾಗ, ಕೊಡದ ತಳದಿಂದ ಕಸ ಸರಿಸುವ ಹಾಗೆ ಮಣಿಕಟ್ಟು ಹೊರಳಿಸಿ, ಹೆಬ್ಬೆರಳು ಕೆಳಗೆ ಮಾಡಿ, ನೀರನ್ನು ದೋಣಿಯಿಂದ ಆಚೆಗೆ ನೂಕಿದೆ. ಸುಂಯ್ ಅಂತು. ಎಡಕ್ಕೆ ಹೊರಟಿದ್ದ ಮೂತಿ ನಿಂತು, ಮೆಲ್ಲಗೆ ನೇರಕ್ಕೆ ಬಂತು. ಇನ್ನೊಮ್ಮೆ ಮಾಡಿದೆ, ಮತ್ತೆ ಬಂತು. ಎಳೆ, ಸರಿಸು. ಎಳೆ, ಸರಿಸು. ಹತ್ತು ವರ್ಷದವಳಿದ್ದಾಗಿನಿಂದ ನನ್ನ ಕೈಯಲ್ಲೇ ಇದ್ದದ್ದು! ನನಗೆ ಅಳು ಬಂತು, ನಗುವೂ ಬಂತು. ಅತ್ತೆ “ಹೂಂ” ಎಂದರು, ಅಷ್ಟೆ. ಅವರ ಹೆಗಲು ಮಾತ್ರ ಸ್ವಲ್ಪ ಇಳಿದಿತ್ತು; ಅಲ್ಲಿಯ ತನಕ ಅದು ಬಿಗಿದುಕೊಂಡಿತ್ತು ಎಂಬುದು ನನಗೆ ಆಗ ತಿಳಿಯಿತು.

ಆದರೆ ಅತ್ತೆ ದಿನವೂ ನನ್ನ ಜೊತೆ ಬರುವಂತಿರಲಿಲ್ಲ. ಮಗನನ್ನು ಎಬ್ಬಿಸಿ ಕೂರಿಸಲು, ದನ ನೋಡಲು ಮನೆಯಲ್ಲಿ ಒಬ್ಬರು ಬೇಕು. ಒಬ್ಬಳೇ ಹಿಂದೆ ಕೂತರೆ ಮೂತಿ ಮೇಲೆದ್ದು ಗಾಳಿ ಹೇಳಿದ ಕಡೆ ತಿರುಗುತ್ತದೆ. ಅದಕ್ಕೆ ಅವರು ಸಿಮೆಂಟಿನ ಎರಡು ಖಾಲಿ ಚೀಲಕ್ಕೆ ಮರಳು ತುಂಬಿ ತಮ್ಮ ಹಲಗೆಯ ಕೆಳಗೆ ಇಟ್ಟರು. “ನನ್ನ ಬದ್ಲಿ ಇವು ಕುಂದರ್ತಾವ. ಇವು ಮಾತಾಡೂದಿಲ್ಲ, ಅಷ್ಟ ಫರಕು” ಎಂದರು.

ಹದಿನೈದನೆಯ ದಿನ ಬೆಳಿಗ್ಗೆ, ಎರಡು ಟ್ರೇ ಮೊಟ್ಟೆ, ಹಾಲಿನ ಪುಡಿ, ಪ್ಲಾಸ್ಟಿಕ್ ಹೊದಿಸಿದ ರಜಿಸ್ಟರು, ಬೆನ್ನಿಗೆ ಕ್ಯಾನು, ಕಾಲಲ್ಲಿ ಚಪ್ಪಲಿ. ಅರ್ಧ ಕೆರೆ ದಾಟುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಪಡುವಣ ಗಾಳಿ ಎದ್ದಿತು. ಮಳೆ ಅಡ್ಡಡ್ಡ ಹೊಡೆಯಿತು. ಮೂತಿ ಕೋಡಿಯ ಕಡೆಗೆ ತಿರುಗಿತು. ಅಲ್ಲಿ ನೀರು ಧುಮುಕುವ ಸದ್ದು ನನಗೆ ಕೇಳಿಸುತ್ತಿತ್ತು. ಹುಟ್ಟು ಮತ್ತೆ ಮೇಲೆಮೇಲೆ ಆಡತೊಡಗಿತು, ಪಚಕ್ ಪಚಕ್. ನಾನು ಜೋರಾಗಿ, ಮರಳು ಚೀಲಗಳಿಗೆ ಕೇಳುವ ಹಾಗೆ, ಅತ್ತೆಯ ದನಿಯಲ್ಲೇ ಬೈದುಕೊಂಡೆ: “ಈ ಸಪ್ಪಳ ಅಲ್ಲ! ಪೂರಾ ಮುಳಗಸು!” ಮುಳುಗಿಸಿದೆ. ಎಳೆದು ಅಗಲಕ್ಕೆ ಸರಿಸಿದೆ, ಮತ್ತೆ ಸರಿಸಿದೆ. ಸುಂಯ್ ಕೇಳಿಸುವ ತನಕ ಬಿಡಲಿಲ್ಲ. ಮೂತಿ ಹಟಮಾರಿ ಎಮ್ಮೆಯ ಹಾಗೆ ಒಂದೊಂದೇ ಗೇಣು ತಿರುಗಿ, ದಡ್ಡಿಯ ಹೊಗೆಯ ಕಡೆಗೆ ಮುಖ ಮಾಡಿತು.

ದಡದಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಮಕ್ಕಳು “ಟೀಚರ್ ಬಂದ್ರು, ಒಬ್ರ ಬಂದ್ರು!” ಎಂದು ಕುಣಿದವು. ಎರಡು ಮೊಟ್ಟೆ ಒಡೆದಿದ್ದವು. ಮಧ್ಯಾಹ್ನ ಮೇಲ್ವಿಚಾರಕಿಗೆ ಫೋನ್ ಮಾಡಿ, “ಕೇಂದ್ರ ತಗದೈತ್ರಿ” ಎಂದೆ. ಆ ಎರಡು ಪದ ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತು ಎಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ದೀಪಾವಳಿಯ ಹೊತ್ತಿಗೆ ಗಂಡ ಕೋಲು ಬಿಟ್ಟು ನಡೆಯತೊಡಗಿದ. ಒಂದು ಸಂಜೆ ಚಹಾ ಕುಡಿಯುತ್ತಾ, “ನಿಮ್ಮವ್ವಾರು ಹರೇದಾಗ ಹಿಂದ ಕುಂತು ಡೋಣಿ ನಡಸೂದು ನೋಡಬೇಕಾಗಿತ್ತ ನೋಡ್ರಿ” ಎಂದೆ. ಅವನು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದ.

“ಅವ್ವ? ಹಿಂದ? ಅಪ್ಪ ಒಂದ ದಿನಾನೂ ಆಕಿ ಕೈಯಾಗ ಹಿಂದಿನ ಹುಟ್ಟ ಕೊಟ್ಟಿಲ್ಲ. ಮೂವತ್ತ ವರ್ಷ ಮುಂದ ಕುಂತು ಮೀನಿನ ಬಲಿ ಜಗ್ಗ್ಯಾಳ. ಒಮ್ಮೆ ಕೇಳಿದ್ಲು, ಅಪ್ಪ ನಕ್ಕಬಿಟ್ಟ. ಆಮ್ಯಾಲೆ ಕೇಳಲಿಲ್ಲ.”

ಮೊದಲು ನನಗೆ ಬಂದದ್ದು ಸಿಟ್ಟು. ಬರೀ ಕಿವಿಯಲ್ಲಿ ಕೇಳಿದ್ದನ್ನು ನಂಬಿ ನನ್ನನ್ನು ಆ ನೀರಿಗೆ ಇಳಿಸಿದರಲ್ಲ! ಆಮೇಲೆ ಒಂದೊಂದೇ ನೆನಪಾಯಿತು. ‘ಮಾಡಿ ತೋರಸ್ರಿ’ ಎಂದು ಹುಟ್ಟು ಎಸೆದಾಗಿನ ಆ ಮೌನ. ಸುಂಯ್ ಎಂಬ ಸದ್ದು ಗೊತ್ತಿದ್ದೂ ಕೈ ಹೇಗೆ ಹೊರಳಬೇಕೆಂದು ಗೊತ್ತಿರದ ಒದ್ದಾಟ. ಇದ್ದ ಒಂದು ಕ್ಯಾನನ್ನು ನನಗೆ ಕಟ್ಟಿ, ಏನೂ ಬಾರದವಳ ಕೈಗೆ ತಮ್ಮ ಬೆನ್ನನ್ನು ಕೊಟ್ಟು ಕೂತದ್ದು. ಮೂವತ್ತು ವರ್ಷ ಬೆನ್ನ ಹಿಂದೆ ಕೇಳಿ ಕೂಡಿಟ್ಟುಕೊಂಡಿದ್ದನ್ನು ಆಕೆ ಹದಿನೈದು ದಿನದಲ್ಲಿ ನನಗೆ ಕೊಟ್ಟಿದ್ದರು. ನನ್ನ ಹೆತ್ತವರ ಋಣ ನನಗೆ ಗೊತ್ತು. ಈ ಋಣದ ದಾರಿಯೇ ಬೇರೆ.

ಮುಂದಿನ ಭಾನುವಾರ ನೀರು ಕನ್ನಡಿಯ ಹಾಗಿತ್ತು. ಮರಳು ಚೀಲಗಳನ್ನು ಎತ್ತಿ ದಡಕ್ಕೆ ಹಾಕಿ, ನಾನು ಹೋಗಿ ಮುಂದಿನ ಹಲಗೆಯ ಮೇಲೆ ಕೂತೆ. “ಬರ್ರಿ ಅತ್ತಿ” ಎಂದೆ.

“ಅದು ನನ್ನ ಜಾಗಾ” ಎಂದರು.

“ಇವತ್ತ ನಂದು.”

“ಈ ವಯಸ್ಸಿನ್ಯಾಗ ನನಗ್ಯಾಕ ಬೇಕ ಇದು? ಮಂದಿ ನಗ್ತಾರ.” ನಾನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೋಣಿಯ ಹಿಂಭಾಗ ತಗ್ಗಿತು. ಹಿಂದಿನ ಹುಟ್ಟು ಹಲಗೆಗೆ ತಾಗಿದ ಸದ್ದು ಕೇಳಿತು.

ನಾವೂ ಮೂರು ಸುತ್ತು ಸುತ್ತಿದೆವು. ಜೊಂಡಿನಲ್ಲೂ ಸಿಕ್ಕಿಬಿದ್ದೆವು. ಆಕೆ ದೋಣಿಗೆ, ಗಾಳಿಗೆ, ನನಗೆ, ತಮ್ಮ ಗಂಡನ ಮನೆತನಕ್ಕೆ ಎಲ್ಲ ಸೇರಿಸಿ ಬೈದರು. ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ. ಪಚಕ್. ಪಚಕ್. “ಈ ಸಪ್ಪಳ ಅಲ್ರಿ” ಎಂದೆ. “ಸುಮ್ನ ಕುಂದರ ಬೇ, ನನಗ ಕಲಸಾಕ ಬಂದಾಳ” ಎಂದರು. ಆಮೇಲೆ ಹುಟ್ಟು ಆಳಕ್ಕೆ ಇಳಿಯಿತು, ಎಳೆಯಿತು, ಕಡೆಯಲ್ಲಿ ಹೊರಳಿತು. ಸುಂಯ್. ನನ್ನ ಎದುರಿನ ಮೂತಿ ಆಚೆ ದಡದ ಬೇವಿನ ಮರಕ್ಕೆ ನೆಟ್ಟಗೆ ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ.

“ಹೂಂ,” ಎಂದೆ, “ಈ ಸಪ್ಪಳ.”

ಹಿಂದೆ ಹುಟ್ಟು ಎಳೆಯುತ್ತಾ ಸರಿಸುತ್ತಾ ಇತ್ತು. ಕೆರೆಯ ನಡುವೆ ಬಂದಾಗ ಆಕೆ ಸಣ್ಣ ದನಿಯಲ್ಲಿ, ನನಗಲ್ಲ, ಯಾರಿಗೋ ಹೇಳಿದರು:

“ಇಷ್ಟ ಹಗೂರ ಇತ್ತಲ್ಲೋ ಮಾರಾಯ. ಒಂದ ಸಲ ಕೊಟ್ಟಿದ್ರ ಏನ ಆಗ್ತಿತ್ತು?”

ನಾನು ಮುಂದೆಯೇ ನೋಡುತ್ತಾ ನನ್ನ ಹುಟ್ಟು ಹಾಕುತ್ತಾ ಹೋದೆ.